ಪರಾಗಸ್ಪರ್ಶಿಗಳ ಕೈತೋಟ

ಪರಾಗಸ್ಪರ್ಶಿಗಳ ಕೈತೋಟ ಎಂದರೆ ಜೇನ್ನೊಣ, ದುಂಬಿ, ಚಿಟ್ಟೆ, ಪತಂಗ, ಸೂರಕ್ಕಿ ಮೊದಲಾದ ಜೀವಿಗಳಿಗೆ ಆಹಾರ, ನೀರು ಹಾಗೂ ಗೂಡಿನ ನೆಲೆ ದೊರೆಯುವಂತೆ ಮನೆಯ ಅಂಗಳ, ಹಿತ್ತಲು ಅಥವಾ ತಾರಸಿಯಲ್ಲಿ ಬೆಳೆಸಿದ ತೋಟ. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಸುಮಾರು ಶೇ. 75ರಷ್ಟು ಪ್ರಾಣಿಗಳ ಮೂಲಕ ನಡೆಯುವ ಪರಾಗಸ್ಪರ್ಶವನ್ನು ಸ್ವಲ್ಪಮಟ್ಟಿಗಾದರೂ ಅವಲಂಬಿಸಿವೆ.

ತರಕಾರಿ ಮತ್ತು ಪರಾಗಸ್ಪರ್ಶ

ಕುಂಬಳದ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆಯಾಗಿರುತ್ತವೆ. ಅವು ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತವೆ. ಈ ಕೆಲವೇ ಗಂಟೆಗಳಲ್ಲಿ ಜೇನ್ನೊಣ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಇದನ್ನು ಗೊಬ್ಬರದ ಕೊರತೆ ಅಥವಾ ರೋಗವೆಂದು ತಿಳಿದು ಔಷಧಿ ಸಿಂಪಡಿಸುವುದುಂಟು. ಅದರಿಂದ ಬರಬೇಕಾದ ಜೇನೂ ಬಾರದಂತಾಗುತ್ತದೆ. ಹೀರೆ ಮತ್ತು ಸೋರೆಯ ಹೂವುಗಳು ಸಂಜೆ ಅರಳುವುದರಿಂದ ಅವುಗಳಿಗೆ ಪತಂಗಗಳ ನೆರವು ಮುಖ್ಯ.

ಬದನೆ, ಟೊಮೇಟೊ ಹೂವುಗಳ ಪರಾಗಕೋಶವು ತುದಿಯ ಸಣ್ಣ ರಂಧ್ರದಿಂದ ಮಾತ್ರ ತೆರೆದುಕೊಳ್ಳುತ್ತದೆ. ನೀಲಿ ಪಟ್ಟೆಯ ಒಂಟಿ ಜೇನು, ಬಡಗಿ ದುಂಬಿ ಮುಂತಾದವು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಪರಾಗವನ್ನು ಉದುರಿಸುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ಸಾಮರ್ಥ್ಯವಿಲ್ಲ. ಆದ್ದರಿಂದ ಜೇನುಪೆಟ್ಟಿಗೆ ಇಟ್ಟ ಮಾತ್ರಕ್ಕೆ ತೋಟದ ಎಲ್ಲ ಅಗತ್ಯವೂ ಪೂರೈಸುವುದಿಲ್ಲ.

ಸಸ್ಯಗಳ ಆಯ್ಕೆ

ವರ್ಷವಿಡೀ ಯಾವುದಾದರೊಂದು ಗಿಡ ಹೂಬಿಡುವಂತೆ ನೋಡಿಕೊಳ್ಳುವುದು ಮುಖ್ಯ. ತುಳಸಿ, ಕಾಮಕಸ್ತೂರಿ, ನುಗ್ಗೆ, ಹೂಬಿಡಲು ಬಿಟ್ಟ ಕೊತ್ತಂಬರಿ ಹಾಗೂ ಸಾಸಿವೆ ಜೇನುಗಳಿಗೆ ಪ್ರಿಯವಾದವು. ಕಳೆಯೆಂದು ಕಿತ್ತೆಸೆಯುವ ತುಂಬೆಯೂ ಉತ್ತಮ ಮಕರಂದದ ಗಿಡ. ಸುತ್ತುಸುತ್ತಾಗಿ ದಳಗಳು ತುಂಬಿದ ಅಲಂಕಾರಿಕ ತಳಿಗಳಿಗಿಂತ ಒಂಟಿ ಸುತ್ತಿನ ಹೂವುಗಳಲ್ಲಿ ಪರಾಗ, ಮಕರಂದಗಳು ಕೀಟಗಳಿಗೆ ಸುಲಭವಾಗಿ ದಕ್ಕುತ್ತವೆ. ಲಂಟಾನಕ್ಕೆ ಚಿಟ್ಟೆಗಳು ಮುತ್ತಿಕೊಳ್ಳುತ್ತವೆಯಾದರೂ ಅದು ಆಕ್ರಮಣಕಾರಿ ಸಸ್ಯವಾದ್ದರಿಂದ ನೆಡುವುದು ಸೂಕ್ತವಲ್ಲ.

ಚಿಟ್ಟೆಗೆ ಹೂವಿನಷ್ಟೇ ಎಲೆಯೂ ಅಗತ್ಯ. ನಿಂಬೆ ಚಿಟ್ಟೆಯ ಮರಿಹುಳು ನಿಂಬೆ, ಕರಿಬೇವಿನ ಎಲೆಗಳನ್ನೂ, ಪ್ಲೇನ್ ಟೈಗರ್ ಚಿಟ್ಟೆಯದು ಎಕ್ಕದ ಎಲೆಯನ್ನೂ ತಿಂದು ಬೆಳೆಯುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿ ಹಾಗೂ ಅದರ ಕುಲದ ಬಳ್ಳಿಗಳಲ್ಲಿ ಮೊಟ್ಟೆಯಿಡುತ್ತದೆ. ಕರಿಬೇವಿನ ನಾಲ್ಕು ಎಲೆ ಹೋಯಿತೆಂದು ಹುಳುವನ್ನು ಹೊಸಕಿದರೆ ಚಿಟ್ಟೆ ಇರದು.

ನೆಲೆ, ನೀರು ಮತ್ತು ಕೀಟನಾಶಕ

ಒಂಟಿಯಾಗಿ ಬಾಳುವ ಜೇನುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಬಿಲ ತೋಡುತ್ತವೆ. ಅಂಗಳಕ್ಕೆಲ್ಲ ಸಿಮೆಂಟು ಹಾಸಿದಲ್ಲಿ ಅವುಗಳಿಗೆ ಎಡೆಯಿರುವುದಿಲ್ಲ. ಬಿಸಿಲು ಬೀಳುವ ಒಂದು ಮೂಲೆಯನ್ನು ಅಗೆಯದೆ ಬಿಡಬೇಕು. ಮುಜಂಟಿ ಜೇನು ಗೋಡೆಯ ಸಂದು, ಮರದ ಪೊಟರೆಗಳಲ್ಲಿ ನೆಲೆಸುತ್ತದೆ. ಅದಕ್ಕೆ ಚುಚ್ಚುವ ಮುಳ್ಳಿಲ್ಲ. ಬೇಸಿಗೆಯಲ್ಲಿ ಬೆಣಚುಕಲ್ಲುಗಳನ್ನಿಟ್ಟ ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟರೆ ಕೀಟಗಳು ಮುಳುಗದೆ ಕುಡಿಯಬಲ್ಲವು.

ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳು ಸಸ್ಯದೊಳಗೆ ಹರಡಿ ಪರಾಗ, ಮಕರಂದಗಳನ್ನೂ ಸೇರುತ್ತವೆ. ಈ ಗುಂಪಿನ ಇಮಿಡಾಕ್ಲೋಪ್ರಿಡ್ ಸೇರಿದಂತೆ ಮೂರು ರಾಸಾಯನಿಕಗಳನ್ನು ಬಯಲು ಬೆಳೆಗಳಿಗೆ ಬಳಸುವುದನ್ನು ಐರೋಪ್ಯ ಒಕ್ಕೂಟವು 2018ರಲ್ಲಿ ನಿಷೇಧಿಸಿತು. ಬೇವಿನ ಎಣ್ಣೆಯನ್ನು ಬಳಸುವುದಾದರೂ ಜೇನಿನ ಹಾರಾಟ ನಿಂತ ಮೇಲೆ, ಸಂಜೆ, ಹೂವಿಗೆ ತಾಗದಂತೆ ಸಿಂಪಡಿಸಬೇಕು.