ಹೆಸರಲ್ಲಿ ಇರುವೆ, ಕೊಕ್ಕಿನಲ್ಲಿ ಎರೆಹುಳು

ಆಂಡೀಸ್ ಪರ್ವತಗಳ ಮಂಜುಗಾಡಿನಲ್ಲಿ ನೆಲದ ಮೇಲೆ ಕುಪ್ಪಳಿಸಿಕೊಂಡಿರುವ ಆಂಟ್‌ಪಿಟ್ಟ ಹಕ್ಕಿಯ ಬಗೆಗಿನ ತಪ್ಪು ತಿಳಿವಳಿಕೆ ಹೆಸರಿನಿಂದಲೇ ಶುರುವಾಗುತ್ತದೆ. 'ಆಂಟ್' ಎಂದಿದೆ, ಆದ್ದರಿಂದ ಇರುವೆ ತಿನ್ನುತ್ತದೆ. 'ಪಿಟ್ಟ' ಎಂದಿದೆ, ಆದ್ದರಿಂದ ಪಿಟ್ಟ ಎನಿಸಿಕೊಂಡ ನಮ್ಮ ನವರಂಗ ಹಕ್ಕಿಯ ದಾಯಾದಿ. ಎರಡೂ ಸರಿಯಲ್ಲ. ಪಿಟ್ಟ ಎಂಬುದು ತೆಲುಗರು ಹಕ್ಕಿಗೆ ಹೇಳುವ ಮಾತು. ಆಂಧ್ರದ ಪದ ಆಂಡೀಸ್‌ವರೆಗೆ ಹೋಗಿ ಕೂತದ್ದು ತಮಾಷೆಯೇ. ಗಿಡ್ಡ ಬಾಲ, ಉದ್ದ ಕಾಲು, ತರಗೆಲೆ ನಡುವೆ ಹುಳು ಹುಡುಕುವ ಚಾಳಿ ನವರಂಗಕ್ಕೂ ಆಂಟ್‌ಪಿಟ್ಟಕ್ಕೂ ಇದೆ, ನಿಜ. ಆದರೆ ಅದು ಒಂದೇ ಬಗೆಯ ದುಡಿಮೆ ರೂಪಿಸಿದ ಮೈಕಟ್ಟು. ಆಂಟ್‌ಪಿಟ್ಟದ ಹತ್ತಿರದ ನೆಂಟರೆಲ್ಲ ಅಮೆರಿಕ ಖಂಡಗಳಲ್ಲೇ ಇದ್ದಾರೆ. ಇರುವೆಯನ್ನು ಅದು ಮುಟ್ಟುವುದೇ ಇಲ್ಲವೆಂದಲ್ಲ. ಸಿಕ್ಕ ಕೀಟಗಳ ಜತೆ ಇರುವೆಯೂ ಹೊಟ್ಟೆ ಸೇರುತ್ತದೆ. ದೈತ್ಯ ಆಂಟ್‌ಪಿಟ್ಟ ಎಂಬ ಪ್ರಭೇದಕ್ಕಂತೂ ದಪ್ಪ ಎರೆಹುಳುವೇ ಇಷ್ಟ. ಈಕ್ವೆಡಾರ್‌ನ ರೈತ ಏಂಜೆಲ್ ಪಾಜ್ ಎರೆಹುಳು ತೋರಿಸಿಯೇ ಅದನ್ನು ಬಯಲಿಗೆ ಬರುವಂತೆ ರೂಢಿ ಮಾಡಿದರು.

ಕಣ್ಣಿಗೆ ಬೀಳದ ಹಕ್ಕಿ ಅಪರೂಪದ್ದೇ ಇರಬೇಕು ಎಂಬುದು ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಪೊದೆಯ ಕತ್ತಲಲ್ಲಿ ಕಂದು ಮೈಯ ಹಕ್ಕಿಯನ್ನು ಕಣ್ಣಿಂದ ಎಣಿಸುವುದು ಎಣಿಕೆಯೇ ಅಲ್ಲ. ಅಲ್ಲಿ ಕಿವಿಯೇ ಸಾಕ್ಷಿ. 1997ರಲ್ಲಿ ದಕ್ಷಿಣ ಈಕ್ವೆಡಾರ್‌ನಲ್ಲಿ ಪಕ್ಷಿವಿಜ್ಞಾನಿ ರಾಬರ್ಟ್ ರಿಡ್ಜ್‌ಲಿ ತಂಡಕ್ಕೆ ಜೊಕೊಟೊಕೊ ಆಂಟ್‌ಪಿಟ್ಟ ಸಿಕ್ಕಿದ್ದು ಗುರುತು ಸಿಗದ ಒಂದು ಕೂಗಿನ ಜಾಡು ಹಿಡಿದು. ಕಣ್ಣ ಕೆಳಗೆ ಎದ್ದುಕಾಣುವ ಬಿಳಿ ಮಚ್ಚೆಯ, ಸಾಕಷ್ಟು ದೊಡ್ಡ ಹಕ್ಕಿ ಅದು, ಆದರೂ ಅಲ್ಲಿಯವರೆಗೆ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಹಾಗೆಂದು ಕಾಣದ್ದೆಲ್ಲ ಹೇರಳವೆಂದು ಹೇಳಲಾಗದು: ಈ ಜೊಕೊಟೊಕೊ ನಿಜಕ್ಕೂ ವಿರಳ.

ಕಿವಿಯೇ ಸಾಕ್ಷಿ ಸರಿ, ಆದರೆ ಬರೀ ಕೂಗು ನೆಚ್ಚಿ ಪ್ರಭೇದ ಬೇರೆ ಮಾಡುವುದು ಅತಿಯಾಯಿತಲ್ಲವೇ ಎಂದು ಕೇಳಬಹುದು. ಕೋಗಿಲೆಯನ್ನೂ ಕಾಗೆಯನ್ನೂ ದನಿಯಿಂದ ಬೇರೆ ಮಾಡಿದಷ್ಟು ಸುಲಭವಲ್ಲ ನಿಜ. ಒಂದೇ ಜಾತಿಯ ಹಾಡುಹಕ್ಕಿಗಳಲ್ಲೂ ಊರಿಂದೂರಿಗೆ ರಾಗ ಬದಲಾಗುವುದುಂಟು, ಏಕೆಂದರೆ ಅವು ಹಿರಿಯರನ್ನು ಕೇಳಿ ಕಲಿಯುತ್ತವೆ. ಆದರೆ ಆಂಟ್‌ಪಿಟ್ಟ ಸೇರಿದ ಗುಂಪಿನಲ್ಲಿ ಕೂಗು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಕೂಗು ಬೇರೆಯಾದರೆ ವಂಶವೂ ಬೇರೆಯಾಗಿರುವ ಸಂಭವ ಹೆಚ್ಚು. ಒಂದೇ ಪ್ರಭೇದವೆಂದುಕೊಂಡಿದ್ದ ಕೆಂಗಂದು ಆಂಟ್‌ಪಿಟ್ಟವನ್ನು 2020ರಲ್ಲಿ ಕೂಗು, ಡಿಎನ್ಎ ಎರಡನ್ನೂ ಒರೆಗೆ ಹಚ್ಚಿ ಹತ್ತಕ್ಕೂ ಹೆಚ್ಚು ಪ್ರಭೇದಗಳಾಗಿ ವಿಂಗಡಿಸಿದರು. ಕೊಲಂಬಿಯಾದಿಂದ ಬೊಲಿವಿಯಾವರೆಗೆ ಹಬ್ಬಿದ ಒಂದೇ ಹಕ್ಕಿ ಎಂದಿದ್ದಾಗ ಅದರ ಚಿಂತೆ ಯಾರಿಗೂ ಇರಲಿಲ್ಲ. ಈಗ ಅವುಗಳಲ್ಲಿ ಕೆಲವಕ್ಕೆ ಇರುವುದು ಒಂದೇ ಒಂದು ಬೆಟ್ಟಸಾಲು.