ಬೆನ್ನಿಗೆರಡು ಬುರುಡೆ

ತಾತ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜಗಳು ಗಲಗಲ ಎಂದವು. ‘ಹಿಂಗೆ ಸದ್ದು ಬರ್ಬೇಕು. ಮಂಕಾದ್ರೆ ಎಲ್ಲೋ ನೀರು ಕುಡಿದೈತೆ ಅಂತ ಲೆಕ್ಕ’ ಎನ್ನುತ್ತ ಇನ್ನೊಂದನ್ನು ಎತ್ತಿಕೊಂಡರು. ಬಾವಿಯ ಮೆಟ್ಟಿಲ ಮೇಲೆ ಅಕ್ಕ ತಮ್ಮ ಕಾದು ಕೂತಿದ್ದರು. ಅವಳಿಗೆ 11, ಅವನಿಗೆ 7. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿಳಿದ ಮೊಮ್ಮಕ್ಕಳು.

ತುರುವೇಕೆರೆ ಕಡೆಯ ಈ ತೆಂಗಿನ ತೋಟಕ್ಕೆ ನಾನು ಹೋಗಿದ್ದು ಬಾವಿಯಲ್ಲಿ ಈಜು ಕಲಿಸುವುದನ್ನು ನೋಡಲು. ಅರ್ಧ ದಿನ ಕಳೆದದ್ದು ಮಾತ್ರ ಬುರುಡೆಯ ಮಾತಿನಲ್ಲಿ. ತಾತ ಊರಿನ ಮೂರು ತಲೆಮಾರಿಗೆ ಈಜು ಕಲಿಸಿದವರು. ಎಷ್ಟು ಜನಕ್ಕೆ ಎಂದರೆ, ‘ಲೆಕ್ಕ ಇಟ್ಟೋರ್ಯಾರು? ನನ್ ಕೈಲಿ ಕಲಿತೋರು ಯಾರೂ ಮುಳುಗಿಲ್ಲ, ಅಷ್ಟು ಗೊತ್ತು’ ಎನ್ನುತ್ತಾರೆ.

ಈಜು ಕಲಿಯುವವರ ಬೆನ್ನಿಗೆ ಕಟ್ಟುವ ಈ ಬುರುಡೆಗೆ ಹುಳಿಗೆ ಹಾಕುವ ಉದ್ದ ಸೋರೆ ಬಾರದು. ದುಂಡನೆಯ ಕಹಿಸೋರೆಯೇ ಆಗಬೇಕು. ಕಾಯಿ ಬಳ್ಳಿಯಲ್ಲೇ ಬಲಿಯಬೇಕು, ಉಗುರೂರಿದರೆ ಇಳಿಯಬಾರದು. ತೊಟ್ಟು ಸಮೇತ ಕೊಯ್ದು, ಒಲೆಯ ಹೊಗೆ ತಾಗುವ ಕಡೆ ತಿಂಗಳುಗಟ್ಟಲೆ ನೇತುಹಾಕಬೇಕು. ತಿರುಳು ಒಣಗಿ, ಸಿಪ್ಪೆ ಮರದಷ್ಟು ಗಟ್ಟಿಯಾದ ಮೇಲೆ ತೊಟ್ಟಿನ ಬುಡಕ್ಕೆ ಜೇನುಮೇಣ ಮೆತ್ತಿ, ಸುತ್ತ ತೆಂಗಿನ ನಾರಿನ ಹಗ್ಗದ ಬಲೆ ಹೆಣೆಯುತ್ತಾರೆ. ಮಗುವಿನ ಸೊಂಟಕ್ಕೆ ಮಾತ್ರ ಹಗ್ಗ ಮುಟ್ಟಿಸುವುದಿಲ್ಲ. ‘ಹಗ್ಗ ಕೊಯ್ಯುತ್ತೆ. ಹಳೇ ಸೀರೆ ಅಂಚು ಮೆತ್ತಗಿರುತ್ತೆ.’ ಬುರುಡೆ ಇಲ್ಲದ ಮನೆಯವರು ಎರಡು ಒಣ ತೆಂಗಿನಕಾಯಿಗಳ ನಾರು ಸೀಳಿ ಒಂದಕ್ಕೊಂದು ಗಂಟು ಹಾಕಿ ಕಟ್ಟುತ್ತಿದ್ದರಂತೆ. ‘ಅದು ಬಡವರ ಬುರುಡೆ’ ಎಂದು ತಾತ ನಕ್ಕರು. ಈಗ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಬಂದಿದೆ. ಅದರ ಮೇಲೆ ಅವರಿಗೆ ಭರವಸೆಯಿಲ್ಲ.

ಮೊದಲ ದಿನ ಈಜೇ ಇಲ್ಲ. ಕುತ್ತಿಗೆಯವರೆಗೆ ನೀರಿರುವ ಮೆಟ್ಟಿಲಲ್ಲಿ ನಿಂತು, ದಮ್ಮು ಕಟ್ಟಿ, ಮುಖ ಮುಳುಗಿಸಿ, ಬಾಯಲ್ಲಿ ಗುಳುಗುಳು ಗುಳ್ಳೆ ಬಿಡುವುದಷ್ಟೇ ಪಾಠ. ಎರಡನೇ ದಿನ ಬೆನ್ನಿಗೆರಡು ಬುರುಡೆ, ಆಮೇಲೆ ಒಂದು, ಕೊನೆಗೊಂದು ದಿನ ಗೊತ್ತೇ ಆಗದ ಹಾಗೆ ಅದೂ ಕಳಚಿರುತ್ತದೆ. ಕೈಕಾಲು ಹೊಡೆಯುವುದನ್ನು ತಾತ ಹೇಳಿಕೊಡುವುದಿಲ್ಲ. ‘ಕಪ್ಪೆ ನೋಡಿ ಕಲ್ತ್ಕಳಿ’ ಅಂದರೆ ಮುಗಿಯಿತು.

ತಮ್ಮ ಧಡ್ ಎಂದು ಬಿದ್ದು, ಮೂಗಿಗೆ ನೀರು ಹೋಗಿ, ಕೆಮ್ಮಿ, ಮತ್ತೆ ಹತ್ತಿ ಬಿದ್ದ. ಅಕ್ಕ ಮೆಟ್ಟಿಲಂಚು ಬಿಡಲು ಅರ್ಧ ಗಂಟೆ ತೆಗೆದುಕೊಂಡಳು. ತಾತ ಅವಸರ ಮಾಡಲಿಲ್ಲ. ಅವರ ಕಾಲದಲ್ಲಿ ಈ ಬಾವಿಗೆ ಹುಡುಗರಷ್ಟೇ ಇಳಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಬಾವಿ ಎಂದರೆ ನೀರು ಸೇದುವುದು, ಅಣ್ಣತಮ್ಮಂದಿರ ಬಟ್ಟೆ ಕಾಯುವುದು. ‘ನಮ್ ತಂಗಿ ಇಲ್ಲೇ, ಈ ಕಲ್ಲಿನ ಮೇಲೆ ಕೂತ್ಕತಿದ್ಲು. ನಂಗೂ ಕಲ್ಸಣ್ಣ ಅಂತಿದ್ಲು. ಕಲಿಸ್ಲಿಲ್ಲ ನೋಡಿ’ ಎಂದು ಸ್ವಲ್ಪ ಹೊತ್ತು ಸುಮ್ಮನಾದರು.

ಅಣ್ಣತಮ್ಮ ಅಕ್ಕತಂಗಿಯರನ್ನು ಒಟ್ಟಿಗೇ ಇಳಿಸಬೇಕು ಎಂಬುದು ಅವರ ಕಟ್ಟಳೆ. ಅದಕ್ಕೆ ಕಾರಣ ನಾವು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುವ ಸುದ್ದಿಯೇ: ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ನೀರುಪಾಲು. ‘ಈಜು ಬಂತು ಅಂತ ಎತ್ತೋಕೆ ಬರಲ್ಲ ಕಣವ್ವ. ಮುಳುಗೋನು ಹಿಡ್ಕಂಡ್ರೆ ಬಿಡಲ್ಲ’ ಎಂದು ಅಕ್ಕನನ್ನು ದಡದಲ್ಲಿ ನಿಲ್ಲಿಸಿದರು. ‘ತಮ್ಮ ಮುಳುಗ್ತಾವ್ನೆ. ಏನ್ ಮಾಡ್ತೀಯ?’ ‘ಹಾರ್ತೀನಿ.’ ‘ಹಾರ್ಬೇಡ. ಕೂಗು. ಬುರುಡೆ ಎಸಿ. ಇಲ್ದಿದ್ರೆ ಸೀರೆ, ಕೋಲು, ಕೈಗೆ ಏನು ಸಿಗುತ್ತೋ ಅದು.’

ನನಗೆ ಕೌಟಿಲ್ಯನ ಅರ್ಥಶಾಸ್ತ್ರ ನೆನಪಾಯಿತು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ನೆರೆಯಲ್ಲಿ ಕೊಚ್ಚಿಹೋಗುವವರನ್ನು ಸೋರೆ ಬುರುಡೆ, ತೊಗಲು ಚೀಲ, ತೆಪ್ಪಗಳಿಂದ ದಡ ಸೇರಿಸಬೇಕೆಂದು ಅದರಲ್ಲಿದೆ. ನೆರವಿಗೆ ಹೋಗದವನಿಗೆ 12 ಪಣ ದಂಡ. ತೆಪ್ಪ ಇಲ್ಲದವನಿಗೆ ಮಾತ್ರ ದಂಡವಿಲ್ಲ. ಬರಿಗೈಲಿ ಹಾರು ಎಂದು ಕೌಟಿಲ್ಯನೂ ಹೇಳಲಿಲ್ಲ. ಇದನ್ನು ತಿಳಿಸಿದಾಗ ತಾತನಿಗೆ ಅಂಥ ಅಚ್ಚರಿಯೇನೂ ಆಗಲಿಲ್ಲ. ‘ಅವ್ರೂ ಯಾವುದೋ ಬಾವೀಲೇ ಕಲಿತಿರ್ಬೇಕು ಬಿಡಿ’ ಎಂದರು.

ನಗರದಲ್ಲಿ ಈಜಿನ ಕಥೆ ಬೇರೆ. ಬೆಂಗಳೂರಿನ ಕೊಳಗಳಲ್ಲಿ ಬೆಳೆದ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡುಗಳಲ್ಲಿ ಮುಗಿಸಿ ಒಲಿಂಪಿಕ್ಸ್ ‘ಎ’ ಅರ್ಹತೆ ಮುಟ್ಟಿದರು. ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿಬಂದರು. ಹೆಮ್ಮೆಯ ಮಾತೇ. ಆದರೆ ಹಳ್ಳಿಯ ಮಗುವಿಗೆ ಬೇಕಾಗಿರುವುದು ಸೆಕೆಂಡುಗಳಲ್ಲ, ದಡ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು.

ಬಯಲುಸೀಮೆಯಲ್ಲಿ ಕೊಳವೆಬಾವಿ ಬಂದು ತೆರೆದ ಬಾವಿಗಳು ಬತ್ತಿದವು. ಕೆಲವಕ್ಕೆ ಕಸ ತುಂಬಿದೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ನಂತರ ಹೊಲಹೊಲದಲ್ಲೂ ಕೃಷಿ ಹೊಂಡ ಬಂತು. ಬೆಳೆಗೆ ಅದು ಆಸರೆ, ನಿಜ. ಆದರೆ ಬಾವಿಗೆ ಮೆಟ್ಟಿಲಿತ್ತು, ಹಿಡಿಯಲು ಕಲ್ಲಿನ ಸಂದಿತ್ತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿಗಟ್ಟಿದರೆ ಈಜು ಬಲ್ಲವನ ಕಾಲೂ ಜಾರುತ್ತದೆ. ಅಂಚಿಗೆ ಒಂದು ಹಗ್ಗ ಕಟ್ಟಿ, ಪಕ್ಕದಲ್ಲಿ ಒಂದು ಬುರುಡೆಯನ್ನೋ ಖಾಲಿ ಕ್ಯಾನನ್ನೋ ಇಡಲು ಎಷ್ಟು ಖರ್ಚಾದೀತು? ಶಾಲೆಗಳು ಬೇಸಿಗೆಯಲ್ಲಿ ಹದಿನೈದು ದಿನ ಈಜನ್ನೂ ಬುರುಡೆ ಎಸೆಯುವುದನ್ನೂ ಪಾಠ ಮಾಡಬಾರದೇ?

ಇತ್ತ ಅಕ್ಕ ಬುರುಡೆ ಎಸೆಯುವುದನ್ನು ಕಲಿಯುತ್ತಿದ್ದಳು. ಮೂರನೇ ಸಲ ಗುರಿ ತಪ್ಪಿ ಅದು ಎದುರಿನ ಕಲ್ಲುಗೋಡೆಗೆ ಬಡಿದು ಟಪ್ ಎಂದು ಸೀಳಿತು. ಹುಡುಗಿಯ ಮುಖ ಸಪ್ಪಗಾಯಿತು. ತಾತ ಬೈಯಲಿಲ್ಲ. ತೇಲುತ್ತಿದ್ದ ಹೋಳನ್ನು ಎಳೆದುಕೊಂಡು, ಒಳಗೆ ಅಂಟಿದ್ದ ಬೀಜಗಳನ್ನು ಬಿಡಿಸಿ ಅವಳ ಒದ್ದೆ ಅಂಗೈಗೆ ಹಾಕಿದರು. ‘ಮುಂಗಾರಿಗೆ ಹಾಕು.’

‘ಎಲ್ಲಿ ಹಾಕ್ಲಿ ತಾತ? ನಮ್ಮನೆ ನಾಲ್ಕನೇ ಫ್ಲೋರು.’

‘ಹಂಗಾದ್ರೆ ಇಲ್ಲೇ ಬಾವಿ ಪಕ್ಕ ಹಾಕಿರ್ತೀನಿ. ಮುಂದಿನ ಬೇಸಿಗೆಗೆ ಬಾ.’

ಹೋದ ಬೇಸಿಗೆಯಲ್ಲಿ ನೀರು ಎಲ್ಲಿಯವರೆಗಿತ್ತು ಎಂದು ನಾನು ಕೇಳಿದೆ. ತಾತ ಮಾತಾಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಒಂದು ಮೆಟ್ಟಿಲು ತೋರಿಸಿದರು. ಅಲ್ಲಿಂದ ನೀರಿನವರೆಗೆ ತಮ್ಮ ಜೋರಾಗಿ ಎಣಿಸುತ್ತಾ ಇಳಿದ. ಏಳಕ್ಕೆ ಅವನ ಪಾದ ಒದ್ದೆಯಾಯಿತು.