ಡೀಸೆಲ್ ದಾರಿಗೆ ಗಾಳಿ ಅಡ್ಡ ಬಂದಾಗ

ಕೋಲಾರ ಜಿಲ್ಲೆಯ ಟೊಮ್ಯಾಟೊ, ಮಾವು ಕಾದು ಕೂರುವ ಸರಕುಗಳಲ್ಲ. ಶ್ರೀನಿವಾಸಪುರದ ತೋಟದಲ್ಲಿ ಕೊಯ್ದ ಮಾವಾಗಲಿ, ಮುಳಬಾಗಿಲಿನ ಹೊಲದಿಂದ ಮಾರುಕಟ್ಟೆಗೆ ಹೊರಟ ಟೊಮ್ಯಾಟೊ ಆಗಲಿ, ಬಂಡಿ ಒಂದು ದಿನ ನಿಂತರೂ ನಷ್ಟ ರೈತನದೇ. ಆದ್ದರಿಂದ ಸವೆದ ಎಂಜಿನ್ನನ್ನು ಸುಗ್ಗಿಗೆ ಮುಂಚೆ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು ಹಾಕಿಸುವವರುಂಟು. ಇಷ್ಟೆಲ್ಲ ಖರ್ಚಾದ ಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಸುಮ್ಮನೆ ಸುತ್ತುತ್ತದೆ, ಸ್ಟಾರ್ಟ್ ಆಗುವುದಿಲ್ಲ! ಮಾಲೀಕ ಮೆಕ್ಯಾನಿಕ್ ಮೇಲೆ ರೇಗುತ್ತಾನೆ. ಮತ್ತೆ ಬಿಚ್ಚಿದರೆ ಖರ್ಚು ಇಮ್ಮಡಿ. ಆದರೆ ಅನೇಕ ವೇಳೆ ದೋಷ ಎಂಜಿನ್ನಿನದಲ್ಲ. ಡೀಸೆಲ್ ಕೊಳವೆಯೊಳಗೆ ಸಿಕ್ಕಿಕೊಂಡ ಒಂದಿಷ್ಟು ಗಾಳಿಯದು. ಇದನ್ನೇ ಮೆಕ್ಯಾನಿಕ್‌ಗಳು 'ಏರ್ ಲಾಕ್' ಎನ್ನುತ್ತಾರೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನ ಗಾಳಿಯನ್ನು ಹದಿನಾರು, ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುತ್ತದೆ. ಆ ಬಿಸಿಗೆ ನಾಝಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಜರ್ಮನಿಯಲ್ಲಿ 1897ರಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನ್ನಿನಲ್ಲಿ ಒತ್ತಡದ ಗಾಳಿಯೇ ಇಂಧನವನ್ನು ಒಳಗೆ ಊದುತ್ತಿತ್ತು. 1927ರಲ್ಲಿ ಬಾಷ್ ಕಂಪನಿ ತಯಾರಿಸತೊಡಗಿದ ಪಂಪು ಗಾಳಿಯ ನೆರವಿಲ್ಲದೆ ಡೀಸೆಲ್ಲನ್ನೇ ನೇರವಾಗಿ ಒತ್ತಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಇಂಥ ಪಂಪುಗಳನ್ನು ನಮ್ಮ ಬೆಂಗಳೂರಿನಲ್ಲೇ ತಯಾರಿಸಿತು.

ಗಾಳಿ ಹೊಕ್ಕರೆ ಈ ಪಂಪು ಸೋಲುವುದೇಕೆ? ಸೂಜಿಯಿಲ್ಲದ ಹೊಸ ಸಿರಿಂಜಿಗೆ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ದಂಡ ಅಲುಗದು. ಗಾಳಿ ತುಂಬಿ ಒತ್ತಿದರೆ ಒಳಕ್ಕೆ ಸರಿಯುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ದ್ರವ ಅದುಮಿಸಿಕೊಳ್ಳದು, ಅನಿಲ ಅದುಮಿಸಿಕೊಳ್ಳುತ್ತದೆ. ಹಳೆಯ ಮಾದರಿಯ ನಾಝಲ್ ತೆರೆಯಲು ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ನಡುವೆ ಗಾಳಿಯಿದ್ದರೆ ಪಂಪಿನ ಶ್ರಮವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದು, ನಾಝಲ್ ತೆರೆಯುವುದೇ ಇಲ್ಲ.

ಪರಿಹಾರಕ್ಕೆ ಟ್ಯಾಂಕಿನಿಂದಲೇ ಹೊರಡಬೇಕು. ಡೀಸೆಲ್ ಇದೆಯೇ? ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರ ಕಟ್ಟಿದೆಯೇ? ಎಂಜಿನ್ ನಿಲ್ಲಿಸುವ ಲಿವರ್ ಎಳೆದಂತೆಯೇ ಉಳಿದಿದೆಯೇ? ಬಳಿಕ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಹಿಡಿಯನ್ನು ಕೈಯಿಂದ ಒತ್ತಬೇಕು. ಮೊದಲು ನೊರೆ, ಗುಳ್ಳೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದೊಡನೆ ಸ್ಕ್ರೂ ಬಿಗಿಯಬೇಕು. ಮುಂದೆ ಇಂಜೆಕ್ಷನ್ ಪಂಪಿನಲ್ಲೂ ಹೀಗೆಯೇ. ಕೊನೆಗೆ ನಾಝಲ್ ಪೈಪುಗಳ ನಟ್ಟು ತುಸು ಸಡಿಲಿಸಿ, ಸ್ಟಾರ್ಟರಿನಿಂದ ಎಂಜಿನ್ ಸುತ್ತಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯುವುದು.

ಗಾಳಿ ತೆಗೆದರೂ ಮತ್ತೆ ಮತ್ತೆ ಸೇರುತ್ತಿದ್ದರೆ? ಟ್ಯಾಂಕ್ ತಗ್ಗಿನಲ್ಲಿರುವ ಬಂಡಿಗಳಲ್ಲಿ, ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಪೈಪು ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೇ ಗಾಳಿ ಒಳಗೆ ನುಗ್ಗೀತು! ಫೀಡ್ ಪಂಪಿನಿಂದಾಚೆ ಬಿರುಕಿದ್ದರೆ ಡೀಸೆಲ್ಲೇ ಹೊರಗೆ ಒಸರುತ್ತದೆ. ಮರುಜೋಡಣೆಯಲ್ಲಿ ಹಳೆಯ ತಾಮ್ರದ ವಾಷರನ್ನೇ ಹಾಕಿದರೆ ಈ ತೊಂದರೆ ಸಾಮಾನ್ಯ.

ಹೊಗೆಯೂ ಸುಳಿವು ಕೊಡುತ್ತದೆ. ಎಂಜಿನ್ ಸುತ್ತುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ ಎನ್ನಬಹುದು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪಿದೆ, ಆದರೆ ಉರಿಯುತ್ತಿಲ್ಲ. ಆಗ ಪಂಪಿನ ಟೈಮಿಂಗ್ ಗುರುತನ್ನೂ ಕಂಪ್ರೆಷನ್ನನ್ನೂ ನೋಡಬೇಕು.

ಒಂದು ಎಚ್ಚರಿಕೆ. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ವಾತಾವರಣದ ಸಾವಿರ ಪಟ್ಟಿಗೂ ಮೀರುವುದರಿಂದ ನಾಝಲ್ ಪೈಪು ಸಡಿಲಿಸುವ ಹಳೆಯ ವಿಧಾನ ಅಲ್ಲಿ ಸಲ್ಲದು. ಅದು ತರಬೇತಿ ಪಡೆದವರ ಕೆಲಸ.

ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ, ಸರಿಯಿದ್ದುದನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಈ ಕ್ರಮ ಪ್ರಯೋಗಶಾಲೆಯದೂ ಹೌದು. ಮಗ ಐಟಿಐ ಸೇರುತ್ತೇನೆಂದರೆ ಮುಖ ಸಿಂಡರಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು. ಸ್ಪ್ಯಾನರ್ ಹಿಡಿದ ಕೈಗೂ ಭೌತಶಾಸ್ತ್ರ ಬೇಕು. ಅದನ್ನು ಬಲ್ಲ ಹುಡುಗ ಎಂಜಿನ್ ಬಿಚ್ಚುವ ಮೊದಲು ಏರ್ ಸ್ಕ್ರೂ ಬಿಚ್ಚುತ್ತಾನೆ. ರೈತನ ಹಣವೂ ಹಣ್ಣೂ ಉಳಿಯುತ್ತವೆ.